ಲೇಸಿಗೆ ಸಿಕ್ಕಿಸಿದ ಕಡ್ಡಿ

ದೆವ್ವ, ಆತ್ಮ, ಮೈಮೇಲೆ ಬರುವುದು ಎಂದರೆ ನಗುತ್ತಿದ್ದವಳು ನಾನು. ಅಮೆರಿಕದ ಜರ್ಮನ್‌ಟೌನಿನ ಲ್ಯಾಬಿನಲ್ಲಿ ದಿನವಿಡೀ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಕೂರುವವಳಿಗೆ ಅದೆಲ್ಲ ಕಾಗಕ್ಕ-ಗುಬ್ಬಕ್ಕನ ಕತೆ. ಈಗ ನಂಬುತ್ತೇನೆ ಎಂದಲ್ಲ. ನಗುವುದನ್ನು ಬಿಟ್ಟಿದ್ದೇನೆ, ಅಷ್ಟೆ.

ಅಮ್ಮ ಮಂಗಳೂರಿನಲ್ಲಿ ತೀರಿಕೊಂಡಾಗ ಕೊರೊನಾ ಕಾಲ. ಹೋಗಲಾಗಲಿಲ್ಲ. ಫೋನಿನಲ್ಲಿ ಮುಖ ನೋಡಿದೆ, ಕೈ ಕಾಣಲಿಲ್ಲ. ಆ ಕೈಗಳನ್ನು ಇನ್ನೊಮ್ಮೆ ನೋಡಬೇಕೆಂಬ ಹಂಬಲ ನನ್ನನ್ನು ಬಿಡಲೇ ಇಲ್ಲ. ಅವು ಸದಾ ಕೊಕ್ಕೆಸೂಜಿ, ನೂಲು ಹಿಡಿದು ಕ್ರೋಶಾ ಲೇಸು ಹೆಣೆಯುತ್ತಿದ್ದವು. ಒಲೆಯ ಮೇಲಿನ ಹಾಲು ನೋಡಲು ಏಳಬೇಕಾದರೆ ಅಮ್ಮ ಕೊನೆಯ ಕುಣಿಕೆಯನ್ನು ಉದ್ದಕ್ಕೆ ಎಳೆದು, ಬಿಚ್ಚಿಹೋಗದಂತೆ ಕಸ ಗುಡಿಸುವ ಹಿಡಿಸೂಡಿಯಿಂದ ಕಿತ್ತ ತೆಂಗಿನ ಕಡ್ಡಿಯೊಂದನ್ನು ಸಿಕ್ಕಿಸಿ, "ಯಾರೂ ಮುಟ್ಬೇಡಿ ಮಾರಾಯ್ರೆ, ಈಗ ಬಂದೆ" ಎನ್ನುತ್ತಿದ್ದಳು. ನಾನೋ ಕ್ರೋಶಾ ಸೂಜಿ ಹಿಡಿದವಳೇ ಅಲ್ಲ.

ಎರಡು ವರ್ಷದ ಮೇಲೆ, ಪೊಟೊಮ್ಯಾಕ್ ನದಿಯ ದಂಡೆಯ ಹಳೇ ಗೋದಾಮೊಂದರ ಅಂಗಳದಲ್ಲಿ ಪೋರ್ಚುಗೀಸರ ಮೇಳ ನಡೆದಿತ್ತು. ಗಂಡನ ಜೊತೆ ಹೋದೆ. ಮೊಟ್ಟೆಯ ಕೆನೆ ತುಂಬಿದ ಬಿಸಿ ಟಾರ್ಟು ತಿಂದು, ಟೂತ್‌ಪಿಕ್ ಚುಚ್ಚಿ ಕೊಟ್ಟ ಮೀನಿನ ವಡೆ ಹಿಡಿದು, ನೀಲಿ ಚಿತ್ರದ ಹೆಂಚುಗಳನ್ನು ನೋಡುತ್ತ ಲೇಸಿನ ಅಂಗಡಿಗೆ ಬಂದೆವು. ಅಲ್ಲಿ ಒಬ್ಬ ಅಜ್ಜಿ ಹೆಣೆಯುತ್ತಿದ್ದ ಮೇಜುಬಟ್ಟೆ ಥೇಟ್ ಅಮ್ಮನದೇ. ನಾನು ಕಣ್ಣೊರೆಸಿಕೊಂಡದ್ದು ಕಂಡಿತೇನೋ, ಪಕ್ಕದಲ್ಲಿ ಕೂರಿಸಿಕೊಂಡು ಅದನ್ನು ಸೂಜಿ ಸಮೇತ ನನ್ನ ಮಡಿಲಿಗೆ ಹಾಕಿದಳು.

ಆಮೇಲಿನದನ್ನು ಇದ್ದ ಹಾಗೇ ಹೇಳುತ್ತೇನೆ. ನನ್ನ ಕೈ ಹೆಣೆಯತೊಡಗಿತು. ತಡವರಿಸಲಿಲ್ಲ. ಸಾಲು ಮುಗಿಸಿ ಇನ್ನೊಂದಕ್ಕೆ ತಿರುಗಿತು. ಕಿರುಬೆರಳಿಗೆ ನೂಲು ಸುತ್ತಿಕೊಂಡ ರೀತಿ ಅಮ್ಮನದು. ಹೆದರಿಕೆಯಾಗಲಿಲ್ಲ, ಇದು ನಿಲ್ಲದಿರಲಿ ಎಂದಷ್ಟೇ ಬೇಡಿಕೊಂಡೆ.

"ಏನೇ ಇದು? ನಿಂಗೆ ಕ್ರೋಶಾ ಯಾವಾಗಿಂದ ಬರುತ್ತೆ?" ಎಂದ ನನ್ನ ಗಂಡ.

ಕೈ ಕುಣಿಕೆಯನ್ನು ಉದ್ದಕ್ಕೆ ಎಳೆಯಿತು. ಅವನ ತಟ್ಟೆಯಲ್ಲಿದ್ದ ಟೂತ್‌ಪಿಕ್ ತೆಗೆದು ಅದಕ್ಕೆ ಸಿಕ್ಕಿಸಿತು. ಆಮೇಲೆ ನಿಂತಿತು. ತಮ್ಮಲ್ಲಿ ಯಾರೂ ಹಾಗೆ ಕಡ್ಡಿ ಸಿಕ್ಕಿಸುವುದಿಲ್ಲವೆಂದು ಅಂಗಡಿಯಲ್ಲಿದ್ದ ಅಜ್ಜಿಯ ಮಗಳು ಇಂಗ್ಲಿಷಿನಲ್ಲಿ ಹೇಳಿದಳು. ಅಜ್ಜಿ ಮಾತ್ರ ಏನೂ ಕೇಳದೆ ಆ ಅರ್ಧ ಲೇಸನ್ನು ನನಗೇ ಕೊಟ್ಟುಬಿಟ್ಟಳು.

ಮರುದಿನವೇ ನೂಲು, ಸೂಜಿ ತಂದೆ. ವಿಡಿಯೋ ನೋಡಿಯೂ ಒಂದು ಸಾಲು ಬರಲಿಲ್ಲ; ಇವತ್ತಿಗೂ ಬರುವುದಿಲ್ಲ. ಚಿಕ್ಕಂದಿನಲ್ಲಿ ನೋಡಿದ್ದು ಕೈಗೆ ನೆನಪಿದ್ದಿರಬೇಕು ಎನ್ನುತ್ತಾನೆ ಗಂಡ. ಹಾಗಿದ್ದರೆ ಅದೇ ಕೈಗೆ ಈಗೇಕೆ ನೆನಪಾಗದು ಎನ್ನುತ್ತೇನೆ ನಾನು.

ಲೇಸು ನನ್ನ ಕೋಣೆಯಲ್ಲಿದೆ. ಟೂತ್‌ಪಿಕ್ ತೆಗೆದಿಲ್ಲ, ಯಾರಿಗೂ ಮುಟ್ಟಲು ಬಿಡುವುದಿಲ್ಲ. ಕಡ್ಡಿ ಸಿಕ್ಕಿಸಿ ಎದ್ದುಹೋದ ಅಮ್ಮ ತಿರುಗಿ ಬಾರದೆ ಇದ್ದದ್ದು ಒಮ್ಮೆಯೂ ಇಲ್ಲ.