ಚಿಕ್ಕಪ್ಪನಿಲ್ಲದ ಸಿನಿಮಾ

ಇಂಗ್ಲಿಷ್ ಮೇಷ್ಟ್ರ ಮಗನಾಗಿ ಹುಟ್ಟಿದ್ದರಿಂದ ನನಗೆ ಸಿಕ್ಕ ಲಾಭ ಒಂದೇ. ನನಗೆ ಇಂಗ್ಲಿಷ್ ಬರುತ್ತದೆ ಎಂದು ಜನ ವಿಚಾರಿಸದೆಯೇ ನಂಬಿಬಿಡುತ್ತಿದ್ದರು. ಹೊಳೆನರಸೀಪುರದಲ್ಲಿ ಅಪ್ಪ ಹೈಸ್ಕೂಲು ಮಕ್ಕಳ ವ್ಯಾಕರಣ ತಿದ್ದುತ್ತಿದ್ದರು. ತಾತ ದೇವಸ್ಥಾನದಲ್ಲಿ ಗಮಕಕ್ಕೆ ವ್ಯಾಖ್ಯಾನ ಹೇಳುತ್ತಿದ್ದರು. ಇನ್ನೊಬ್ಬರು ಒಂದು ಪದ್ಯ ಹಾಡಿ ನಿಲ್ಲಿಸಿದರೆ ತಾತ ಅದರ ಅರ್ಥವನ್ನು ಅರ್ಧ ಗಂಟೆ ಬೆಳೆಸುತ್ತಿದ್ದರು. ಅಪ್ಪನ ವ್ಯಾಕರಣ ನನ್ನ ತಲೆಗೆ ಹತ್ತಲಿಲ್ಲ. ತಾತನ ಬೆಳೆಸುವ ಬುದ್ಧಿ ಮಾತ್ರ ಚೆನ್ನಾಗಿ ಹತ್ತಿತು.

ತೊಂಬತ್ತರ ದಶಕದ ಕೊನೆಯಲ್ಲಿ ಹಾಸನದಲ್ಲಿ ಡಿಗ್ರಿ ಓದುವಾಗ ನಾವು ಐದು ಜನ ಒಂದೇ ರೂಮಿನಲ್ಲಿದ್ದೆವು. ಅವರಲ್ಲಿ ಅರಕಲಗೂಡು ಕಡೆಯ ಒಬ್ಬ ನನ್ನ ಜೀವದ ಗೆಳೆಯ, ಹೊಗೆಸೊಪ್ಪು ಬೆಳೆಯುವ ಮನೆಯವನು. ‘ಐನೋರೇ’ ಎಂದು ನನ್ನನ್ನು ರೇಗಿಸುತ್ತಲೇ ನಾನು ಹೇಳಿದ್ದನ್ನೆಲ್ಲ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ. ಅವನ ಸ್ನೇಹಕ್ಕಿಂತ ಆ ತೆರೆದ ಬಾಯಿಯೇ ನನಗೆ ಹೆಚ್ಚು ಇಷ್ಟವಾಗಿತ್ತೇನೋ ಎಂದು ಈಗ ಅನುಮಾನ ಬರುತ್ತದೆ.

ಹಾಸನದ ಒಂದು ಟಾಕೀಸಿನಲ್ಲಿ ಬೆಳಗಿನ ಆಟಕ್ಕೆ ಇಂಗ್ಲಿಷ್ ಸಿನಿಮಾ ಹಾಕುತ್ತಿದ್ದರು. ನಾನು ನಡುವೆ, ಆ ಕಡೆ ಇಬ್ಬರು, ಈ ಕಡೆ ಇಬ್ಬರು. ಪರದೆಯ ಮೇಲೆ ಒಂದು ಮಾತು ಮುಗಿಯುತ್ತಿದ್ದಂತೆ ನಾನು ಅರ್ಥ ಹೇಳಬೇಕು. ನಾಲ್ಕು ವಾರ ಕಳೆಯುವಷ್ಟರಲ್ಲಿ ಹಿಂದಿನ ಸಾಲಿನವರೂ "ವಸಿ ಜೋರಾಗಿ ಏಳಿ ಸಾ" ಎನ್ನತೊಡಗಿದರು. ಆ ಅಮೆರಿಕದವರ ಮಾತಿನಲ್ಲಿ ನನಗೆ ತಿಳಿಯುತ್ತಿದ್ದುದು ನಾಲ್ಕರಲ್ಲಿ ಒಂದು. ಉಳಿದ ಮೂರನ್ನು ನಾನೇ ತುಂಬುತ್ತಿದ್ದೆ.

ಹಾಗೆ ಒಂದು ಸಲ ಮುಖವಾಡ ತೊಟ್ಟು, ಬೆನ್ನಿಗೆ ಬಟ್ಟೆ ಕಟ್ಟಿಕೊಂಡು ಹಾರುವ ವೀರನ ಸಿನಿಮಾ ಬಂತು. ಕತೆ ಕಾಮಿಕ್ಸ್ ಪುಸ್ತಕಗಳಿಂದ ಎತ್ತಿದ್ದು. ಡೈರೆಕ್ಟರು ಅದನ್ನು ಬಣ್ಣದ ಕ್ಯಾಲೆಂಡರಿನ ಹಾಗೆ ಮಾಡಿದ್ದ. ಆಕಾಶ ನೇರಳೆ, ಕಟ್ಟಡಗಳು ಕೆಂಪು, ವೀರ ಹಾರುವಾಗ ನಗುತ್ತಲೇ ಇರುತ್ತಿದ್ದ. ಮೊದಲ ಹತ್ತು ನಿಮಿಷದಲ್ಲೇ ಅವನ ಅಪ್ಪ ಕೊಲೆಯಾಗುತ್ತಾನೆ. ಮಣ್ಣು ಮಾಡುವಾಗ ಉದ್ದ ಕೋಟಿನ ಬೋಳುತಲೆಯವನೊಬ್ಬ ಬಂದು ಹುಡುಗನ ಹೆಗಲ ಮೇಲೆ ಕೈಯಿಟ್ಟು ಏನೋ ಹೇಳಿದ.

"ಯಾರ್ಲಾ ಅವ್ನು?" ಎಂದ ಗೆಳೆಯ.

ನನಗೇನು ಗೊತ್ತು? ಆದರೆ ವ್ಯಾಖ್ಯಾನ ಹೇಳುವವನು ಸುಮ್ಮನಿರಬಾರದು. "ಚಿಕ್ಕಪ್ಪ. ಆಸ್ತಿಗೋಸ್ಕರ ಅಣ್ಣನ್ನ ತೆಗೆಸಿದ್ದು ಇವನೇ" ಅಂದುಬಿಟ್ಟೆ.

ಸಾಲಿಗೆ ಸಾಲೇ ನೆಟ್ಟಗೆ ಕೂತಿತು. ದಾಯಾದಿ ಜಗಳವಿಲ್ಲದ ಮನೆ ನಮ್ಮ ಐವರಲ್ಲಿ ಒಬ್ಬರದೂ ಇರಲಿಲ್ಲ. ಹಿಂದಿನಿಂದ ಯಾರೋ "ಥೂ, ಮನೆಹಾಳ" ಎಂದು ಬೈದರು. ಆಮೇಲೆ ನಾನು ಹಿಂದೆ ಸರಿಯುವ ಹಾಗಿರಲಿಲ್ಲ. ಬೋಳುತಲೆಯವನು ಕಾಗದ ಕೊಟ್ಟರೆ ಅದು ಭಾಗಪತ್ರ. ಕೈ ಕುಲುಕಿದರೆ ಸುಳ್ಳು ಆಣೆ. ಕೊನೆಯಲ್ಲಿ ವೀರ ಎಲ್ಲರನ್ನೂ ಬಡಿದ, ಇವನೊಬ್ಬನನ್ನು ಮುಟ್ಟಲೇ ಇಲ್ಲ. ಒಂದು ಗಳಿಗೆ ಕಂಗಾಲಾದೆ. ಆಮೇಲೆ, "ಕ್ಷಮಿಸಿಬಿಟ್ಟ ಕಣ್ರೋ. ರಕ್ತಸಂಬಂಧ" ಎಂದೆ. ಗೆಳೆಯ ಕಣ್ಣು ಒರೆಸಿಕೊಂಡ.

ಅಲ್ಲಿಂದ ಆ ಚಿಕ್ಕಪ್ಪ ಹಾಸನದ ರೂಮುಗಳಲ್ಲೆಲ್ಲ ಓಡಾಡಿದ. ನಮ್ಮ ಕಾಲೇಜಿನಲ್ಲಿ ಆ ಡೈರೆಕ್ಟರಿಗೆ ಅಭಿಮಾನಿಗಳು ಹುಟ್ಟಿಕೊಂಡಿದ್ದು ಅವನಿಂದಲೇ. "ಮನೆ ಸಂಕಟ ಗೊತ್ತಿರೋ ಡೈರೆಕ್ಟ್ರು" ಎಂದು ಹೊಗಳುತ್ತಿದ್ದರು. ಆ ಹೊಗಳಿಕೆಯಲ್ಲಿ ಅರ್ಧ ನನ್ನದು ಎಂದು ನಾನು ಒಳಗೊಳಗೇ ಬೀಗುತ್ತಿದ್ದೆ.

ಓದು ಮುಗಿದ ಮೇಲೆ ನಾನು ಚನ್ನರಾಯಪಟ್ಟಣದ ಒಂದು ಖಾಸಗಿ ಶಾಲೆ ಸೇರಿದೆ. ಗೆಳೆಯ ಅರಕಲಗೂಡಿನಲ್ಲಿ ಕೇಬಲ್ ಟೀವಿ ವ್ಯಾಪಾರ ಹಾಕಿಕೊಂಡ. ತಿಂಗಳಿಗೊಂದು ಭಾನುವಾರ ಐವರೂ ಹಾಸನದ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಸೇರುತ್ತಿದ್ದೆವು. ಹೀಗಿರುವಾಗ ಅದೇ ವೀರನನ್ನು ಬೇರೊಬ್ಬ ಡೈರೆಕ್ಟರು ಕೈಗೆತ್ತಿಕೊಂಡ ಸುದ್ದಿ ಬಂತು. ಹಾಸನಕ್ಕೆ ಸಿನಿಮಾ ಬಂದಾಗ ಅದೇ ಟಾಕೀಸು, ಅದೇ ಬೆಳಗಿನ ಆಟ, ನಾನು ಅದೇ ನಡುವಿನ ಸೀಟಿನಲ್ಲಿ ಗಂಟಲು ಸರಿಮಾಡಿಕೊಂಡು ಕೂತೆ.

ಈ ಹೊಸಬ ಬಣ್ಣವನ್ನೆಲ್ಲ ಒರೆಸಿಹಾಕಿದ್ದ. ಇವನ ವೀರನಿಗೆ ಹಾರಲು ಬರುವುದಿಲ್ಲ. ಮಾಳಿಗೆಯಿಂದ ಮಾಳಿಗೆಗೆ ನೆಗೆದು ಪಕ್ಕೆಲುಬು ಮುರಿದುಕೊಳ್ಳುತ್ತಾನೆ. ಹರಿದ ಬಟ್ಟೆಯನ್ನು ತಾನೇ ಕೂತು ಹೊಲಿಯುತ್ತಾನೆ. ಇವನು ನಗುವುದೂ ಇಲ್ಲ. ಆದರೆ ನನ್ನ ಕಣ್ಣು ಪರದೆಯ ಮೇಲಿರಲಿಲ್ಲ. ಗೆಳೆಯ ಒಂದು ಸಲವೂ ನನ್ನ ಕಡೆ ಬಗ್ಗಲಿಲ್ಲ. ನನಗೆ ಅರ್ಥವಾಗದ ಒಂದು ಮಾತಿಗೆ ಅವನು ನಕ್ಕ. ನಾನು ಬಾಯಿ ತೆರೆಯುವ ಮೊದಲೇ ಪಕ್ಕದವನಿಗೆ ಅದರ ಅರ್ಥವನ್ನೂ ಹೇಳಿದ. ಉಳಿದ ಇಬ್ಬರೂ ಅವನ ಕಡೆಗೇ ವಾಲಿಕೊಂಡರು.

ಹೇಗೆ ಕಲಿತ ಎನ್ನುವುದು ಆಮೇಲೆ ಅಪ್ಪನಿಂದ ತಿಳಿಯಿತು. ಕೇಬಲ್ ರೂಮಿನಲ್ಲಿ ಡಿವಿಡಿ ಹಾಕಿಕೊಂಡು, ಕೆಳಗೆ ಬರುವ ಇಂಗ್ಲಿಷ್ ಅಕ್ಷರ ನಿಲ್ಲಿಸಿ ನಿಲ್ಲಿಸಿ ಓದುತ್ತಿದ್ದನಂತೆ. ತಿಳಿಯದ ಪದಗಳನ್ನು ಬರೆದಿಟ್ಟುಕೊಂಡು ನಮ್ಮ ಮನೆಗೆ ಫೋನ್ ಮಾಡಿ ಅಪ್ಪನನ್ನು ಕೇಳುತ್ತಿದ್ದನಂತೆ. "ಎಷ್ಟು ಶ್ರದ್ಧೆ ಕಣೋ ಆ ಹುಡುಗನಿಗೆ. ನೀನು ಒಂದು ದಿನವಾದ್ರೂ ಬಂದು ಒಂದು ಪದದ ಅರ್ಥ ಕೇಳಿದ್ದೀಯಾ?" ಎಂದರು ಅಪ್ಪ. ಆ ರಾತ್ರಿ ನಾನು ಊಟ ಸರಿಯಾಗಿ ಮಾಡಲಿಲ್ಲ. ಅವನು ನನ್ನ ಸಾಲನ್ನು ಕಿತ್ತುಕೊಂಡಿದ್ದು ಸಾಲದೆಂದು ನಮ್ಮಪ್ಪನನ್ನೂ ಕಿತ್ತುಕೊಂಡಿದ್ದ.

ಮುಂದಿನ ತಿಂಗಳ ಭಾನುವಾರ ಹೋಟೆಲಿನಲ್ಲಿ ಯುದ್ಧವೇ ನಡೆಯಿತು. ನಾನು ಹಳೆಯ ಡೈರೆಕ್ಟರ ಪಕ್ಷ. ಪುಸ್ತಕದಲ್ಲಿ ಇದ್ದ ಬಣ್ಣವನ್ನು ಹಾಗೇ ತಂದವನು ಅವನು, ಹಾರಲು ಬಾರದವನಿಗೆ ಬೆನ್ನಿಗೆ ಬಟ್ಟೆ ಯಾಕೆ ಎಂದು ವಾದಿಸಿದೆ. ಮೇಲಾಗಿ, ಹೊಸಬನ ಸಿನಿಮಾದಲ್ಲಿ ಚಿಕ್ಕಪ್ಪನೇ ಇಲ್ಲ. ದಾಯಾದಿ ಇಲ್ಲದ ಮೇಲೆ ಆ ವೀರನಿಗೆ ಅಷ್ಟು ಸಿಟ್ಟು ಎಲ್ಲಿಂದ ಬರಬೇಕು?

ಗೆಳೆಯ ಹೊಸಬನ ಪಕ್ಷ. ನಿಧಾನವಾಗಿ ಇಡ್ಲಿ ಮುರಿಯುತ್ತ ಹೇಳಿದ: "ಇಲ್ಲೇ ಪಕ್ಕದ ಮೊಸಳೆ ಊರಲ್ಲಿ ಎಲ್ಡು ಗುಡಿ ಅವಲ್ಲ, ಅಕ್ಕಪಕ್ಕ. ಒಂದೇ ಅಳತೆ, ಒಂದೇ ಕೆತ್ತನೆ. ಒಳಗಿರೋ ದ್ಯಾವ್ರು ಮಾತ್ರ ಬ್ಯಾರೆ. ಇಬ್ರು ಡೈರೆಕ್ಟ್ರುದೂ ಅಂಗೇಯ. ಅದೇ ಮುಖವಾಡ, ಅದೇ ಬಟ್ಟೆ. ಒಬ್ಬ ಒಳ್ಗೆ ದ್ಯಾವ್ರನ್ನ ಕೂರುಸ್ದ. ಇನ್ನೊಬ್ಬ ನಮ್ಮಂಗೆ ಎದ್ರುಕೊಳ್ಳೋ ಮನುಸ್ಯನ್ನ ಕೂರುಸ್ದ. ಯಾವ್ದು ಸರಿ ಅಂತ ಜಗ್ಳ ಯಾಕ್ಲಾ?"

ಪಕ್ಕದ ಮೇಜಿನವರೂ ತಲೆದೂಗಿದರು. ಮೊಸಳೆಗೆ ಅವನನ್ನು ಮೊದಲ ಸಲ ಕರೆದುಕೊಂಡು ಹೋಗಿದ್ದವನು ನಾನು. ಅಲ್ಲಿ ನಿಂತು ಶಿಲ್ಪದ ಬಗ್ಗೆ ಒಂದು ಗಂಟೆ ಕೊರೆದವನೂ ನಾನೇ. ಈ ಮಾತು ನನ್ನ ಬಾಯಲ್ಲಿ ಬರಬೇಕಾಗಿತ್ತು. ಹೊಟ್ಟೆಕಿಚ್ಚು ಎಂದರೆ ಇಷ್ಟು ಬಿಸಿ ಇರುತ್ತದೆ ಎಂದು ನನಗೆ ಅದುವರೆಗೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ನಮ್ಮ ರೂಮಿನಲ್ಲಿದ್ದ ಇನ್ನೊಬ್ಬ, ಆಗ ಒಂದು ಆಫೀಸಿನಲ್ಲಿ ಗುಮಾಸ್ತನಾಗಿದ್ದವನು, ನನ್ನ ಕಡೆ ತಿರುಗಿದ. "ಅದಿರ್ಲಿ ಐನೋರೇ. ನಮ್ ಭಾವ ಹಳೇ ಪಿಚ್ಚರ್ ನೋಡವ್ರೆ. ಆ ಬೋಳುತಲೆಯೋನು ಲಾಯರಂತೆ. ಚಿಕ್ಕಪ್ಪನೂ ಅಲ್ವಂತೆ, ದೊಡ್ಡಪ್ಪನೂ ಅಲ್ವಂತೆ!"

ನಾಲ್ಕು ಜನ ನನ್ನನ್ನೇ ನೋಡಿದರು. ನಾನು ನೀರು ಕುಡಿದೆ. ಗುಮಾಸ್ತ ಬಿಡಲಿಲ್ಲ. "ನಿನ್ನತ್ರ ಡಿವಿಡಿ ಐತಲ್ಲ, ನೀನೇ ಏಳ್ಲಾ" ಎಂದು ಗೆಳೆಯನನ್ನು ಕೇಳಿದ.

ಅದರ ಹಿಂದಿನ ತಿಂಗಳು ಅವನು ಆ ಹಳೆಯ ಸಿನಿಮಾವನ್ನು ಕೇಬಲ್‌ನಲ್ಲಿ ಹಾಕಿದ್ದು ನನಗೆ ಆಗ ನೆನಪಾಯಿತು. ಅಂದರೆ ಅವನು ಅಕ್ಷರ ಬಿಡದೆ ಓದಿದ್ದಾನೆ. ಎಲ್ಲ ಗೊತ್ತಿದೆ. ಒಂದು ಮಾತು ಹೇಳಿದರೆ ಸಾಕು, ಅಷ್ಟು ವರ್ಷದ ನನ್ನ ಮರ್ಯಾದೆ ಆ ಮೇಜಿನ ಮೇಲೇ ಮಣ್ಣುಪಾಲು. ಅವನು ಕಾಫಿ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟ.

"ಚಿಕ್ಕಪ್ಪನೇ ಕಣ್ಲಾ. ಟಾಕೀಸಿಗೆ ಬಂದಿದ್ದು ಪೂರ್ತಿ ರೀಲು. ಡಿವಿಡಿ ಮಾಡೋವಾಗ ಆ ಮಾತ್ಗಳ್ನೆಲ್ಲ ತೆಗ್ದು ಲಾಯರ್ ಮಾಡವ್ರೆ. ಅಲ್ಲೂ ಯಾರೋ ದಾಯಾದಿಗಳು, ನಮ್ ಮನೆ ಕತೆ ಕದ್ದವ್ರೆ ಅಂತ ಕೇಸ್ ಆಕುದ್ರಂತೆ."

ಎಲ್ಲರೂ ಹೋ ಎಂದು ನಕ್ಕರು. "ಅಮೇರಿಕಾದಲ್ಲೂ ಬುಡ್ಲಿಲ್ವಾ ದಾಯಾದಿಗಳು" ಎಂದ ಗುಮಾಸ್ತ. ಅಲ್ಲಿಗೆ ಆ ವಿಷಯ ಮುಗಿಯಿತು.

ಬಸ್ ಸ್ಟ್ಯಾಂಡಿಗೆ ನಡೆಯುವಾಗ ನಾವಿಬ್ಬರೇ ಇದ್ದೆವು. "ಯಾಕೋ ಹಾಗೆ ಸುಳ್ಳು ಹೇಳಿದೆ?" ಎಂದು ಕೇಳಿದೆ.

"ಅಯ್ಯೋ, ಮೂರ್ ಸಲ ನೋಡ್ದೆ ಐನೋರೇ. ಚಿಕ್ಕಪ್ಪ ಇಲ್ದೆ ಆ ಪಿಚ್ಚರ್ ಸಪ್ಪೆ ಒಡೀತದೆ" ಎಂದು ನಕ್ಕ. ಅರಕಲಗೂಡು ಬಸ್ಸು ಹೊರಡುತ್ತಿತ್ತು. ಓಡಿ ಹತ್ತಿದ, ಕಿಟಕಿಯಿಂದ ಕೈ ಬೀಸಿದ.

ನಾನು ಅವನ ಕೈ ಹಿಡಿದು ಥ್ಯಾಂಕ್ಸ್ ಹೇಳಬೇಕಾಗಿತ್ತು. ಹೇಳಲಿಲ್ಲ. ಇಂಗ್ಲಿಷ್ ಅವನಿಗೆ ಹೋಯಿತು, ಕೇಳುವ ಜನ ಹೋದರು, ಅಪ್ಪನ ಮೆಚ್ಚುಗೆಯೂ ಹೋಯಿತು. ಸುಳ್ಳು ಹೇಳುವುದೊಂದಾದರೂ ನನಗೆ ಉಳಿದಿದೆ ಎಂದುಕೊಂಡಿದ್ದೆ. ನನ್ನ ಸುಳ್ಳು ಚಿಕ್ಕಪ್ಪನನ್ನು ಕಾಲ ಮೇಲೆ ನಿಲ್ಲಿಸಲು ನನಗೆ ಒಂದು ಇಡೀ ಸಿನಿಮಾ ಪಿಸುಗುಟ್ಟಬೇಕಾಗಿ ಬಂದಿತ್ತು. ಅವನು ಒಂದು ಗುಟುಕು ಕಾಫಿಯಲ್ಲಿ, ಕೋರ್ಟು ಕೇಸಿನ ಸಮೇತ, ನಿಲ್ಲಿಸಿಬಿಟ್ಟ. ಚನ್ನರಾಯಪಟ್ಟಣದ ಬಸ್ಸಿನಲ್ಲಿ ಕೂತು, ಶಾಂತಿಗ್ರಾಮ ದಾಟುವವರೆಗೂ, ಆ ಸುಳ್ಳಿನಲ್ಲಿ ಒಂದು ಹುಳುಕು ಸಿಗುತ್ತದೇನೋ ಎಂದು ಹುಡುಕಿದೆ. ಸಿಗಲಿಲ್ಲ.