ಕಣ್ಣು ಮೆಲ್ಪೋ ಅವರದು, ಹೆಸರು ಮೇಸ್ತ್ರಿಯದು

ಬೆಳಗಿನ ಆರು ಗಂಟೆಗೆ ಇನ್ನೂ ಹತ್ತು ನಿಮಿಷ ಇದೆ. ಗ್ರೀಸಿನ ಕವಾಲಾ ಬಂದರಿನಲ್ಲಿ ಮೀನಿನ ಹರಾಜು ಆಗಲೇ ಮುಗಿದಿದೆ. ಮೆಲ್ಪೋ ಕ್ಷೌರದಂಗಡಿಯ ಶಟರಿಗೆ ಕೈ ಹಾಕುತ್ತಾರೆ. ಎಪ್ಪತ್ತೆರಡು ವರ್ಷದ ಸೊಂಟ, ಒಂದೇ ಏಟಿಗೆ ಎತ್ತಲಾಗುವುದಿಲ್ಲ. ಅರ್ಧಕ್ಕೆ ನಿಲ್ಲಿಸಿ, ಉಸಿರೆಳೆದುಕೊಂಡು, ಉಳಿದರ್ಧ ಎತ್ತುತ್ತಾರೆ. ಆಮೇಲೆ ಗಂಡ ಪ್ರೋದ್ರೊಮೊಸ್ ಮೇಸ್ತ್ರಿಯವರನ್ನು ರಟ್ಟೆ ಹಿಡಿದು ತಂದು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರಿಸುತ್ತಾರೆ. ಅವರ ನಡುಗುವ ಬಲಗೈಯನ್ನು ಎಡಗೈ ಕೆಳಗೆ ಸೇರಿಸಿ, ಅಂಗಿಯ ಕಾಲರ್ ಸರಿಮಾಡಿ, ಕಾಫಿಗೆ ನೀರಿಡಲು ಹೋಗುತ್ತಾರೆ. ಬಾಗಿಲ ಮೇಲಿನ ಫಲಕದಲ್ಲಿ ಇರುವುದು ಒಂದೇ ಹೆಸರು, ಪ್ರೋದ್ರೊಮೊಸ್.

ಮೊದಲ ಗಿರಾಕಿ ರಗಬ್, ಮೀನಿನ ದೋಣಿಯಲ್ಲಿ ಬಲೆ ಎಳೆಯುವ ಈಜಿಪ್ಟಿನವನು. ಎಂಟು ತಿಂಗಳ ಗುಂಗುರು ಕೂದಲು ಉಪ್ಪುನೀರಿಗೆ ಗಂಟುಗಂಟಾಗಿದೆ. ಬಂದವನೇ ಮೇಸ್ತ್ರಿಯ ಮುಂದೆ ಕೈ ಮುಗಿಯುತ್ತಾನೆ. "ಮೇಸ್ತ್ರಿ, ನಾಡಿದ್ದು ಊರಿಗೆ ಹೊರಟೆ. ನನ್ನ ಮಗಳು ನೋಡಿ ಹೆದರ್ಕೋಬಾರ್ದು, ಹಾಗೆ ಮಾಡ್ಸಿ" ಎನ್ನುತ್ತಾನೆ. ಕತ್ತರಿ ಹಿಡಿದು ನಿಂತಿರುವ ಮೆಲ್ಪೋ ಕಡೆಗೆ ಅವನು ತಿರುಗಿಯೂ ನೋಡುವುದಿಲ್ಲ.

ಮೆಲ್ಪೋ ಅವನನ್ನು ಕೂರಿಸಿ, ಹಿಂದಲೆಯ ಕೆಳಗೆ, ಕತ್ತಿನ ಹತ್ತಿರ, ಎರಡು ಬೆರಳು ಹಾಕಿ ಕೂದಲು ಉಜ್ಜಿ ನೋಡುತ್ತಾರೆ. ಒಂದು ಹೆಜ್ಜೆ ಹಿಂದೆ ಸರಿದು ಕನ್ನಡಿಯಲ್ಲಿ ಮುಖ ನೋಡುತ್ತಾರೆ. ಗೂಡಿನಿಂದ ನೀಲಿ ಟವೆಲ್ ತೆಗೆದು ಅವನ ಹೆಗಲಿಗೆ ಹಾಕುತ್ತಾರೆ. ಕಿಟಕಿ ಪಕ್ಕದಲ್ಲಿ ಮೇಸ್ತ್ರಿ ಗಂಟಲು ಸರಿಮಾಡಿಕೊಳ್ಳುತ್ತಾರೆ. "ಉದ್ದ ಮುಖ. ಪಕ್ಕದಲ್ಲಿ ಬಿಡು, ಮೇಲೆ ಇಳಿಸು" ಎಂದು ತೀರ್ಪು ಕೊಡುತ್ತಾರೆ. ರಗಬ್ ಮುಖ ಅರಳುತ್ತದೆ. "ನೋಡಿ, ಕೂತಲ್ಲಿಂದಾನೇ ಹೇಳ್ಬಿಟ್ರು! ಏನ್ ಕಣ್ಣು ಮಾರಾಯ್ರೆ!"

ಊರಿಗೆ ಊರೇ ಹೇಳುವ ಮಾತು ಇದು. ಪ್ರೋದ್ರೊಮೊಸ್ ಮೇಸ್ತ್ರಿ ಒಂದೇ ನೋಟಕ್ಕೆ ಮುಖ ಓದುತ್ತಾರೆ. ಯಾವ ತಲೆಗೆ ಯಾವ ಕಟಿಂಗ್ ಎಂದು ಅವರಿಗೆ ಹೇಳಿಕೊಡಬೇಕಾಗಿಲ್ಲ. ನಮ್ಮ ಪತ್ರಿಕೆಯ ಈ ಪುರವಣಿಯಲ್ಲೇ ಅವರ ಬಗ್ಗೆ ಮೂರು ಸಲ ಬಂದಿದೆ. ನಾಚಿಕೆಯಾಗಬೇಕು ನಮಗೆ. ಮೂರು ಸಲವೂ ಫೋಟೊ ತೆಗೆಯುವಾಗ, "ಅಮ್ಮಾ, ಸ್ವಲ್ಪ ಪಕ್ಕಕ್ಕೆ ಬನ್ನಿ" ಎಂದು ಮೆಲ್ಪೋ ಅವರನ್ನು ಸರಿಸಿದವರು ನಮ್ಮವರೇ.

ಗುಟ್ಟು ಇರುವುದು ಟವೆಲಿನಲ್ಲಿ. ಬಿಳಿ ಟವೆಲ್ ಬಂತೆಂದರೆ ದುಂಡು ಮುಖ, ಪಕ್ಕ ಬಿಗಿ ಮಾಡಿ ಮೇಲೆ ಎತ್ತರ ಬಿಡಬೇಕು. ನೀಲಿ ಬಂತೆಂದರೆ ಉದ್ದ ಮುಖ, ಅದರ ತದ್ವಿರುದ್ಧ. ಪಟ್ಟೆಯದು ಬಂತೆಂದರೆ ನೆತ್ತಿಯಲ್ಲಿ ಎರಡು ಸುಳಿ ಇದೆ ಅಥವಾ ಕೂದಲು ತೆಳ್ಳಗಿದೆ, ಕತ್ತರಿ ಹುಷಾರು. ಐವತ್ತು ವರ್ಷದಿಂದ ಈ ಅಂಗಡಿಯಲ್ಲಿ ಮುಖ ನೋಡಿದ್ದು ಮೆಲ್ಪೋ. ಮೇಸ್ತ್ರಿ ನೋಡಿದ್ದು ಟವೆಲ್.

ಮೆಲ್ಪೋ ಈ ಕಣ್ಣು ಕಲಿತದ್ದು ಕ್ಷೌರದಂಗಡಿಯಲ್ಲಲ್ಲ. ಹದಿನಾಲ್ಕನೇ ವಯಸ್ಸಿಗೆ ಅವರ ಅಮ್ಮ ಕೈಹಿಡಿದು ಕರೆದೊಯ್ದದ್ದು ಹೊಗೆಸೊಪ್ಪಿನ ಗೋದಾಮಿಗೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಎಲೆ ಬೇರೆ ಮಾಡುವ ಕೆಲಸ. ಅಳತೆ, ಬಣ್ಣ, ನರ, ಜಿಡ್ಡು ಎಲ್ಲಾ ನೋಡಿ ಎಲೆಯನ್ನು ಅದರದರ ರಾಶಿಗೆ ಎಸೆಯಬೇಕು, ಅದೂ ಮಾತಾಡುತ್ತಲೇ. "ಎಲೆ ನೋಡೋಕೆ ಪುರುಸೊತ್ತೆಲ್ಲಿತ್ತು? ಬೆರಳೇ ಹೇಳ್ತಿತ್ತು. ಕೂದಲೂ ಅಷ್ಟೇ" ಎನ್ನುತ್ತಾರೆ. "ಮುಂದಲೆ ಕೂದಲು ನಂಬ್ಬೇಡಿ. ಅದನ್ನ ಎಲ್ಲಾರೂ ತೀಡಿ ತೀಡಿ ಸುಳ್ಳು ಹೇಳೋದು ಕಲಿಸಿರ್ತಾರೆ. ಕತ್ತಿನ ಹತ್ರ ಮುಟ್ಟಿ ನೋಡಿ, ಅಲ್ಲಿರೋದು ಅದರ ಹುಟ್ಟುಗುಣ."

ಇಪ್ಪತ್ತೊಂದಕ್ಕೆ ಮದುವೆಯಾಗಿ ಈ ಅಂಗಡಿಗೆ ಬಂದರು. ಆಗ ಮಾವ ಬದುಕಿದ್ದರು. ಸೊಸೆಯ ಕೆಲಸ ಕೂದಲು ಗುಡಿಸುವುದು, ಕಾಫಿ ಕೊಡುವುದು, ಟವೆಲ್ ಒಗೆಯುವುದು. ಗಂಡಸರ ಅಂಗಡಿಯಲ್ಲಿ ಹೆಂಗಸಿನ ಬಾಯಿ ಮುಚ್ಚಿರಬೇಕು. ಮುಚ್ಚಿಕೊಂಡೇ ಎಲ್ಲಾ ನೋಡುತ್ತಿದ್ದರು. ದಪ್ಪ ಕೆನ್ನೆಯವರಿಗೆ ಗಂಡ ಕಿವಿ ಮೇಲೆ ಪೊದೆ ಬಿಡುವುದನ್ನು ನೋಡಿದರು. ಗುಂಗುರು ಕೂದಲನ್ನು ಒದ್ದೆಯಲ್ಲೇ ಕತ್ತರಿಸಿ, ಅದು ಒಣಗಿ ಎರಡು ಬೆರಳು ಮೇಲೇರಿದಾಗ ಗಿರಾಕಿ ಕನ್ನಡಿ ಮುಂದೆ ಗುರಾಯಿಸುವುದನ್ನೂ ನೋಡಿದರು.

ಎರಡನೇ ವರ್ಷ ಸರಾಂತಿಸ್ ಎಂಬ ಹುಡುಗನ ಮದುವೆ ಬಂತು. ಮದುವೆ ಬೆಳಿಗ್ಗೆ ಗೆಳೆಯರೆಲ್ಲ ಸೇರಿ ವಾದ್ಯ ಊದಿಸಿಕೊಂಡು ಮದುಮಗನನ್ನು ಕ್ಷೌರಕ್ಕೆ ಕರೆತಂದರು. ಹುಡುಗನದು ಮೊದಲೇ ಉದ್ದ ಮುಖ. ಪ್ರೋದ್ರೊಮೊಸ್ ಪಕ್ಕ ಬೋಳಿಸಿ, ಮೇಲಿನದನ್ನು ಬಾಚಿ ಎತ್ತಿ ನಿಲ್ಲಿಸಿದರು. ಚರ್ಚಿನಲ್ಲಿ ಹುಡುಗಿ ಕಡೆಯ ಹೆಂಗಸರು, "ಅಯ್ಯೋ, ಸೋರೆಕಾಯಿಗೆ ಕೋಟು ಹಾಕಿ ಕಳ್ಸಿದಾರೆ ಕಣೇ!" ಎಂದು ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು ನಕ್ಕರು. ಮಾರನೇ ವಾರ ಹುಡುಗನ ತಾಯಿ ಅಂಗಡಿ ಮೆಟ್ಟಿಲ ಮೇಲೆ ನಿಂತು ಶಾಪ ಹಾಕಿ ಹೋದಳು. ಆರು ವಾರ ಆ ಬೀದಿಯ ಒಬ್ಬನೂ ಕುರ್ಚಿ ಹತ್ತಲಿಲ್ಲ.

ಒಂದು ರಾತ್ರಿ ಇಬ್ಬರೇ ಊಟಕ್ಕೆ ಕೂತಾಗ ಪ್ರೋದ್ರೊಮೊಸ್ ಕೇಳಿದರು. "ಏನು ತಪ್ಪು ಮಾಡ್ದೆ ನಾನು?"

"ಉದ್ದ ಮುಖಕ್ಕೆ ಪಕ್ಕ ಬೋಳಿಸಿದ್ರೆ ಇನ್ನೇನಾಗುತ್ತೆ? ಪಕ್ಕ ತುಂಬಿಸಿ ಮೇಲೆ ಇಳಿಸ್ಬೇಕಿತ್ತು."

"ಗೊತ್ತಿದ್ದೂ ಸುಮ್ನಿದ್ಯಾ?"

"ಬಾಯಿ ಬಿಟ್ಟಿದ್ರೆ ನಿಮ್ಮಪ್ಪ ನನ್ನ ಸುಮ್ನೆ ಬಿಡ್ತಿದ್ರಾ?"

ಗಂಡ ಹೆಂಡತಿ ಸೇರಿ ಟವೆಲಿನ ಉಪಾಯ ಮಾಡಿದ್ದು ಅವತ್ತೇ. ಒಂದು ವರ್ಷದಲ್ಲಿ ಮೇಸ್ತ್ರಿಯ ಕಣ್ಣಿನ ಸುದ್ದಿ ಬಂದರು ದಾಟಿ ಹೋಯಿತು. ಪಕ್ಕದ ಊರುಗಳಿಂದ ಬಸ್ಸು ಹತ್ತಿ ಬಂದರು. ತಂದೆ ಸತ್ತು ನಲವತ್ತು ದಿನ ಗಡ್ಡ ಬಿಟ್ಟವರು ಮೊದಲ ಕ್ಷೌರಕ್ಕೆ ಇಲ್ಲಿಗೇ ಬಂದರು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರಲ್ಲ, ಇಲ್ಲಿ ಕೆಸರು ಒಬ್ಬರ ಕೈಗೆ, ಮೊಸರು ಇನ್ನೊಬ್ಬರ ಬಾಯಿಗೆ. "ಆಗ ಬೇಜಾರಾಗ್ಲಿಲ್ಲ" ಎನ್ನುತ್ತಾರೆ ಮೆಲ್ಪೋ. "ಇಬ್ರದೂ ಒಂದೇ ಮನೆ, ಒಂದೇ ಪಾತ್ರೆ. ಯಾರ ಹೆಸರಾದ್ರೇನು ಅನ್ಕೊಂಡೆ. ಎಂಥಾ ಪೆದ್ದಿ ನೋಡಿ!"

ಒಮ್ಮೆ ಮಾತ್ರ ಆಸೆಪಟ್ಟರು. ಪರೀಕ್ಷೆ ಕಟ್ಟಿ ಕ್ಷೌರದ ಪರವಾನಗಿ ತೆಗೆದುಕೊಳ್ಳುತ್ತೇನೆ ಎಂದರು. ಮಾವ ತಟ್ಟೆ ತಳ್ಳಿ ಎದ್ದರು. "ಪರಗಂಡಸಿನ ಕೆನ್ನೆ ಮೇಲೆ ನಮ್ಮನೆ ಸೊಸೆ ಕೈಯಾ?" ಎಂದು ಕೂಗಾಡಿದರು. ಗಂಡ ಬ್ರೆಡ್ಡು ಮುರಿಯುತ್ತಾ ತಲೆ ತಗ್ಗಿಸಿ ಕೂತಿದ್ದರು. ಆದರೆ ಹಾಸಿಗೆ ಹಿಡಿದ ಮುದುಕರ ಮನೆಗೆ ಹೋಗಿ ಕ್ಷೌರ ಮಾಡಲು ಯಾರೂ ಸಿಗದಿದ್ದಾಗ ಅದೇ ಮಾವ ಸೊಸೆಯನ್ನೇ ಕಳಿಸಿದರು. "ಏಳಲಾಗದವರು ಗಂಡಸರ ಲೆಕ್ಕಕ್ಕಿಲ್ಲ ಅಂತ ಕಾಣುತ್ತೆ" ಎಂದು ಮೆಲ್ಪೋ ಕಹಿಯಾಗಿ ನಗುತ್ತಾರೆ. ಕತ್ತರಿ, ಕ್ಷೌರದ ಕತ್ತಿ ಎಲ್ಲಾ ಕೈಗೆ ಕೂತಿದ್ದು ಆ ಮುದುಕರ ತಲೆಗಳ ಮೇಲೆ.

ಆರು ವರ್ಷದ ಹಿಂದೆ ಮೇಸ್ತ್ರಿಗೆ ಕೈ ನಡುಕ ಶುರುವಾಯಿತು. ಅಂದಿನಿಂದ ಕತ್ತರಿಯೂ ಮೆಲ್ಪೋ ಕೈಗೇ ಬಂದಿದೆ. ದಿನಕ್ಕೆ ಹತ್ತು ಹನ್ನೆರಡು ತಲೆ, ನಾಲ್ಕೈದು ಗಡ್ಡ, ಒಂಬತ್ತು ಗಂಟೆ ನಿಂತೇ ಕೆಲಸ. ಕಾಲಿನ ನರ ಉಬ್ಬಿ ಹಗ್ಗವಾಗಿವೆ. ಕಟಿಂಗಿಗೆ ಹತ್ತು ಯೂರೊ, ಪಿಂಚಣಿಯವರಿಗೆ ಏಳು. ನೋಡುವುದು ಮೆಲ್ಪೋ, ಕತ್ತರಿಸುವುದು ಮೆಲ್ಪೋ, ಆದರೂ ಘೋಷಣೆ ಮಾತ್ರ ಮೇಸ್ತ್ರಿಯದು. ಅವರು ಘೋಷಿಸದಿದ್ದರೆ ಗಿರಾಕಿಗಳಿಗೆ ಸಮಾಧಾನವಿಲ್ಲ. ಸರಕಾರದ ಕಾಗದದಲ್ಲಿ ಆಕೆ ಇವತ್ತಿಗೂ ಈ ಅಂಗಡಿಯ ಕಸ ಗುಡಿಸುವವರು.

ಕೋಪದಿಂದ ಒಂದು ಸಲ ಟವೆಲ್ ಕೊಡದೇ ಇದ್ದು ನೋಡಿದ್ದಾರೆ. ಹೋದ ಚಳಿಗಾಲ, ಹೆಂಡತಿಗೆ ಹಲ್ಲಿಲ್ಲ ಎಂದು ಗಿರಾಕಿಯೊಬ್ಬನ ಜೊತೆ ಸೇರಿ ಮೇಸ್ತ್ರಿ ನಕ್ಕಿದ್ದರು. ಮೆಲ್ಪೋ ಗೂಡಿಗೆ ಕೈ ಹಾಕದೆ ಸುಮ್ಮನೆ ನಿಂತರು. ಮೇಸ್ತ್ರಿ ಕಣ್ಣು ಕಣ್ಣು ಬಿಟ್ಟು, ಕೊನೆಗೆ ಚೌಕ ದವಡೆಯ ಆ ಗಿರಾಕಿಗೆ ಏನೋ ಬಾಯಿಗೆ ಬಂದದ್ದು ಹೇಳಿದರು. ಅವರು ಹೇಳಿದ ಹಾಗೆಯೇ ಕತ್ತರಿಸಿ ಸೇಡು ತೀರಿಸಿಕೊಳ್ಳಬಹುದಿತ್ತು. "ಆಗ್ಲಿಲ್ಲ ನೋಡಿ. ಜಗಳ ನಮ್ಮಿಬ್ರದು, ಆ ತಲೆ ಏನು ಪಾಪ ಮಾಡಿತ್ತು? ತಿಂಗಳುಗಟ್ಲೆ ಅವನೇ ತಾನೇ ಅದನ್ನ ಹೊತ್ಕೊಂಡು ತಿರುಗ್ಬೇಕು." ದವಡೆಗೆ ಹೊಂದುವ ಹಾಗೆಯೇ ಕತ್ತರಿಸಿದರು. ಹೇಳಿದ್ದು ಒಂದು, ಮಾಡಿದ್ದು ಇನ್ನೊಂದು ಎಂದು ಗಿರಾಕಿಗೆ ಗೊತ್ತೂ ಆಗಲಿಲ್ಲ. ಕನ್ನಡಿ ನೋಡಿಕೊಂಡು ಮೇಸ್ತ್ರಿಗೆ ಕೈ ಮುಗಿದು ಹೋದ.

ಹೋದ ತಿಂಗಳು ಊರಿನ ಕ್ಷೌರಿಕರ ಸಂಘದವರು ಬಂದು, ಮೇಸ್ತ್ರಿಗೆ ಸನ್ಮಾನ ಮಾಡುತ್ತೇವೆ, ಹಿತ್ತಾಳೆ ಫಲಕ ಕೊಡುತ್ತೇವೆ ಎಂದರು. ಸನ್ಮಾನದ ಹಿಂದಿನ ದಿನ ಗಂಡನ ಗಡ್ಡ ಹೆರೆಯುತ್ತಾ ಮೆಲ್ಪೋ ಐವತ್ತು ವರ್ಷದಲ್ಲಿ ಮೊದಲ ಸಲ ತನ್ನ ಪಾಲಿನ ಹೆಸರನ್ನು ಬಾಯಿ ಬಿಟ್ಟು ಕೇಳಿದರು.

"ಪ್ರೋದ್ರೊಮೊಸ್, ನಾಳೆ ಒಂದೇ ಮಾತು ಹೇಳು. ಕೈ ನಂದು, ಕಣ್ಣು ಇವಳದು ಅಂತ. ಫಲಕ ನೀನೇ ಇಟ್ಕೋ. ಹೂವಿನ ಹಾರ ನೀನೇ ಹಾಕ್ಕೋ. ಆ ಮಾತೊಂದು ನನಗೆ ಕೊಡು."

"ಆಯ್ತು ಬಿಡೇ, ಅದೇನು ದೊಡ್ಡ ವಿಷಯ" ಎಂದರು ಮೇಸ್ತ್ರಿ, ನೊರೆಯ ಒಳಗಿಂದ.

ಭಾನುವಾರ ಚರ್ಚಿನ ಪಕ್ಕದ ಸಭಾಂಗಣದಲ್ಲಿ ಇನ್ನೂರು ಜನ. ಮೆಲ್ಪೋ ಎರಡನೇ ಸಾಲಿನಲ್ಲಿ, ಮಡಿಲಲ್ಲಿ ಕೈಚೀಲ ಇಟ್ಟುಕೊಂಡು, ಬೆನ್ನು ನೇರ ಮಾಡಿ ಕೂತಿದ್ದರು. ಹೊಸ ಸಲೂನುಗಳ ಹುಡುಗರು ಮುಗಿಬಿದ್ದು ಕೇಳಿದರು. "ಮೇಸ್ತ್ರಿ, ನಾವು ಫೋನಲ್ಲಿ ಮುಖ ಅಳೀತೀವಿ, ಆದ್ರೂ ತಪ್ಪಾಗುತ್ತೆ. ನಿಮಗೆ ಹೇಗೆ ಗೊತ್ತಾಗುತ್ತೆ?"

ಮೇಸ್ತ್ರಿ ಮೈಕು ಹಿಡಿದರು. ಹೆಂಡತಿಯ ಕಡೆ ನೋಡಿದರು. ಒಂದು ಕ್ಷಣ ಬಾಯಿ ತೆರೆದರು ಕೂಡ. ಅಷ್ಟರಲ್ಲಿ ಯಾರೋ ಚಪ್ಪಾಳೆ ತಟ್ಟಿದರು, ಸಭೆಯೆಲ್ಲ ತಟ್ಟಿತು.

"ಅದನ್ನ ಹೇಳಿಕೊಡೋಕಾಗಲ್ಲ ಮಕ್ಕಳೇ" ಎಂದರು ಮೇಸ್ತ್ರಿ. "ದೇವರು ಕೊಟ್ಟಿದ್ದು. ಇನ್ನು ನನ್ನ ಮೆಲ್ಪೋ... ಪಾಪ, ಐವತ್ತು ವರ್ಷ ಟವೆಲ್ ಒಗೆದಿದಾಳೆ. ಅವಳಿಗೂ ಒಂದು ಚಪ್ಪಾಳೆ."

ಚಪ್ಪಾಳೆ ಬಂತು. ಜೊತೆಗೆ ಸುಗಂಧದ ಸೋಪಿನ ಒಂದು ಪೆಟ್ಟಿಗೆಯೂ ಬಂತು. ಮೆಲ್ಪೋ ಎದ್ದು ನಿಂತು ಅದನ್ನು ತೆಗೆದುಕೊಂಡರು. ಬೇರೆ ಏನು ಮಾಡುತ್ತಾರೆ? ಮನೆಗೆ ಬಂದ ಮೇಲೆ ಮೇಸ್ತ್ರಿ, "ಸರಿಯಾಗಿ ಮಾತಾಡಿದ್ನಾ?" ಎಂದು ಕೇಳಿದರಂತೆ. "ಕಾಲರ್ ಸರಿಯಾಗಿತ್ತು" ಎಂದರಂತೆ ಇವರು. ಆಮೇಲೆ ಬೆನ್ನು ತಿರುಗಿಸಿ ಪಾತ್ರೆ ತೊಳೆದರು. "ಪಾತ್ರೆ ಇರ್ಲಿಲ್ಲ. ತೊಳೆದ ಪಾತ್ರೇನೇ ಮತ್ತೆ ತೊಳೆದೆ, ಅಳೋದು ಕಾಣ್ಬಾರ್ದು ಅಂತ."

ಇದನ್ನೆಲ್ಲ ಬರೆಯಬಹುದೇ ಎಂದರೆ ಮೆಲ್ಪೋ ಕತ್ತರಿ ಒರೆಸುತ್ತಾ ಹೆಗಲು ಕುಣಿಸುತ್ತಾರೆ. "ಬರೀರಿ. ಅವನು ಕಾಲ್ಚೆಂಡಿನ ಪುಟ ಬಿಟ್ಟು ಬೇರೆ ಓದಲ್ಲ. ಊರವರು ಓದ್ತಾರೆ, ಮುದುಕಿಗೆ ಹೊಟ್ಟೆಕಿಚ್ಚು ಅಂತಾರೆ. ಯಾರೂ ನಂಬಲ್ಲ." ಕಿಟಕಿ ಪಕ್ಕದಲ್ಲಿ ಮೇಸ್ತ್ರಿ ತೂಕಡಿಸುತ್ತಿದ್ದಾರೆ. ಜೊಲ್ಲು ಇಳಿದದ್ದು ನೋಡಿ ಮೆಲ್ಪೋ ಮಾತು ನಿಲ್ಲಿಸಿ, ಹೋಗಿ ಬಾಯಿ ಒರೆಸಿ ಬರುತ್ತಾರೆ.

ಹಾಗಾದರೆ ನಿಮ್ಮ ಆಸೆ ಏನು ಎಂದು ಕೇಳುತ್ತೇವೆ. ಮೆಲ್ಪೋ ನೆಲದ ಕೂದಲನ್ನೆಲ್ಲ ಗುಡಿಸಿ ಮೂಲೆಗೆ ತಂದು ಹೇಳುತ್ತಾರೆ.

"ಎಲ್ಲಾ ಹೆಂಗಸರೂ ಚರ್ಚಿನಲ್ಲಿ ಏನ್ ಬೇಡ್ಕೋತಾರೆ? ಗಂಡನಿಗಿಂತ ಮೊದ್ಲು ನನ್ನ ಕರ್ಕೊಳಪ್ಪಾ ಅಂತ. ನಾನೂ ಅದನ್ನೇ ಬೇಡ್ಕೋತೀನಿ. ಜಾಸ್ತಿ ಬೇಡ, ನನಗಿಂತ ಒಂದು ತಿಂಗಳು ಅವನು ಹೆಚ್ಗೆ ಬದುಕ್ಲಿ. ಕತ್ತರಿಗೆ ಯಾರನ್ನಾದ್ರೂ ಇಟ್ಕೊಳ್ಳಲಿ, ಅಂಗಡಿ ತೆಗೀಲಿ, ಅದೇ ಕುರ್ಚೀಲಿ ಕೂತು ಒಬ್ಬೊಬ್ರಿಗೂ ಹೇಳ್ಲಿ, ನಿನಗೆ ಹೀಗೆ, ನಿನಗೆ ಹಾಗೆ ಅಂತ. ಒಂದೇ ತಿಂಗಳು. ಆಮೇಲೆ ಯಾರೂ ಯಾರಿಗೂ ಏನೂ ಹೇಳ್ಬೇಕಾಗಿಲ್ಲ. ಬೀದೀಲಿ ಒಬ್ರ ತಲೆ ಒಬ್ರು ನೋಡ್ಕೊಂಡ್ರೆ ಸಾಕು, ಊರಿಗೆ ನಾನ್ಯಾರು ಅಂತ ಗೊತ್ತಾಗುತ್ತೆ."