ಒಂದೇ ಗ್ಲಾಸಿನ ಪಾಠ

ನಾಗಪತಿ ಭಟ್ಟನಿಗೆ ಹಡಗು ಹತ್ತಬೇಕಿತ್ತು. ಅದೂ ದಾಸನ ಜೊತೆಗೇ ಹತ್ತಬೇಕಿತ್ತು. ಗೋವೆಯಿಂದ ಫರಂಗಿಗಳು ಹೋದ ಮರುವರ್ಷ, ಹೊನ್ನಾವರದ ಬಂದರಿನಲ್ಲಿ ಆ ಇಬ್ಬರ ಬಾಯಲ್ಲಿ ಬೇರೆ ಮಾತೇ ಇರಲಿಲ್ಲ.

ನಾಗಪತಿ ಭಟ್ಕಳದ ಹತ್ತಿರದ ಮುಟ್ಟಳ್ಳಿಯ ಪುರೋಹಿತರ ಮಗ. ಅಪ್ಪ ತೀರಿಕೊಂಡ ಮೇಲೆ ಮಂತ್ರ ಅರ್ಧಕ್ಕೆ ನಿಂತಿತು, ಶಾಲೆಯೂ ನಿಂತಿತು. ದೂರದ ನೆಂಟರೊಬ್ಬರು ಹೊನ್ನಾವರದ ಖಾನಾವಳಿಯಲ್ಲಿ ಬಡಿಸುವ ಕೆಲಸ ಕೊಡಿಸಿದರು. ದಾಸ ಹೊಳೆಯಾಚೆಯ ಕಾಸರಕೋಡಿನವನು, ಮೀನುಗಾರರ ಮನೆಯವನು, ಶರಾವತಿಯಲ್ಲಿ ಜನರನ್ನು ದಾಟಿಸುವ ದೋಣಿಗೆ ಹುಟ್ಟು ಹಾಕುವವನು. ಮಧ್ಯಾಹ್ನದ ಪಂಕ್ತಿ ಎದ್ದ ಮೇಲೆ ನಾಗಪತಿ ಕೈ ಒರೆಸಿಕೊಳ್ಳುತ್ತ ದೋಣಿ ನಿಲ್ಲುವ ಧಕ್ಕೆಗೆ ಬರುತ್ತಿದ್ದ. ಒಂದೇ ಪೊಟ್ಟಣದಿಂದ ಶೇಂಗಾ ತಿನ್ನುತ್ತ ಇಬ್ಬರೂ ಹೊಳೆ ಕಡಲು ಸೇರುವ ಅಳಿವೆಯ ಕಡೆ ನೋಡುತ್ತ ಕೂರುತ್ತಿದ್ದರು.

“ನಿನ್ನ ಸಾರು, ನನ್ನ ಹುಟ್ಟು, ಎರಡೂ ಮುಗೀದ ಕೆಲ್ಸ ಮಾರಾಯಾ,” ಎನ್ನುತ್ತಿದ್ದ ದಾಸ. “ಭಟ್ಟಾ, ನೀ ಬಂದ್ರೆ ನಾನೂ ಬತ್ತೆ. ನೀ ಇಲ್ದಿದ್ರೆ ನಾನೂ ಇಲ್ಲ.”

ದಾರಿ ತೋರಿಸಿದವನು ಪಾಸ್ಕು ಬಟ್ಲರ್. ಇಂಗ್ಲಿಷರ ಹಡಗುಗಳಲ್ಲಿ ಊಟದ ಮೇಜಿನ ಮೇಸ್ತ್ರಿಯಾಗಿ ತಲೆ ಬೆಳ್ಳಗೆ ಮಾಡಿಕೊಂಡು, ಇಗರ್ಜಿಯ ಹಿಂದಿನ ಓಣಿಯ ಮನೆಗೆ ಮರಳಿದ್ದ. ಮುಂಬಯಿಯ ಅವನ ಹಳೆಯ ಜೊತೆಗಾರ ಹೇಳಿ ಕಳಿಸಿದ್ದ: ವೈನಿನ ಹದ ಬಲ್ಲ ಇಬ್ಬರು ಬೇಕು, ಜೋಡಿಯಾಗಿ ದುಡಿಯುವವರು, ಒಂದೇ ಕೋಣೆಯಲ್ಲಿ ಹೊಂದಿಕೊಂಡು ಇರುವವರು. ಬಟ್ಲರ್ ಭಾನುವಾರದ ಪೂಜೆ ಮುಗಿಸಿ ಬಂದು ಮೂವರಿಗೆ ಪಾಠ ಹೇಳತೊಡಗಿದ. ನಾಗಪತಿ, ದಾಸ, ಮತ್ತೊಬ್ಬ ಕುಮಟೆಯ ಅಣ್ಣಪ್ಪ. ಅಣ್ಣಪ್ಪ ಬಸ್ಸಿನ ಕ್ಲೀನರು, ಬಾಯಿಗೆ ಬೀಗವಿಲ್ಲದವನು.

ಜಿಲ್ಲೆಯಲ್ಲಿ ಆಗ ಪಾನನಿರೋಧ. ಒಂದು ಬಾಟಲಿ ಸಿಕ್ಕರೂ ಪೊಲೀಸರು ಮನೆಯ ಹಂಚು ತೆಗೆಯುತ್ತಿದ್ದರು. ಹಾಗಾಗಿ ಬಟ್ಲರನ ವೈನಿನ ಕ್ಲಾಸಿನಲ್ಲಿ ವೈನೇ ಇರಲಿಲ್ಲ. ಒಬ್ಬೊಬ್ಬನ ಮುಂದೆ ಒಂದೊಂದು ತೆಂಗಿನ ಕರಟ. ಅದರಲ್ಲಿ ಒಂದು ವಾರ ಮುರುಗಲ ಹುಳಿನೀರು, ಒಂದು ವಾರ ಹಾಲು ಹಾಕದ ಚಾದ ಕಷಾಯ, ಮತ್ತೊಂದು ವಾರ ನೇರಳೆಯ ರಸ.

“ಹುಳಿ ನಾಲಿಗೆಯ ಬದಿ ಹಿಡೀತದೆ. ಒಗರು ಒಸಡು ಹಿಡೀತದೆ. ಹಿಡಿದದ್ದು ಎಲ್ಲಿ, ಹೇಳಿ,” ಎನ್ನುತ್ತಿದ್ದ ಬಟ್ಲರ್. “ಮೊದಲು ಕಣ್ಣು. ಆಮೇಲೆ ಮೂಗು. ಬಾಯಿ ಕಡೇಗೆ. ಹಾಂ, ಉಗುಳು! ನುಂಗಿದವ ಕುಡುಕ, ಉಗುಳಿದವ ಬಟ್ಲರ್.”

ಆ ಕಡೆಯ ಮಾತು ನಾಗಪತಿಗೆ ದೊಡ್ಡ ಆಸರೆಯಾಯಿತು. ನುಂಗದಿದ್ದರೆ ಕುಡಿದಂತಲ್ಲ ಎಂದು ಅವನು ಜನಿವಾರ ಮುಟ್ಟಿ ತನಗೆ ತಾನೇ ಹೇಳಿಕೊಂಡ. ಪಾಠದಲ್ಲಿ ಅವನೇ ಮುಂದು. ನೇರಳೆಯ ರಸ ಮೂಸಿ “ಹಳೇ ಬೆಲ್ಲದ ಮಡಕೆ, ಮಳೆ ಬಿದ್ದ ಮೆಟ್ಟಲು” ಎಂದಾಗ ಬಟ್ಲರ್ ಅವನ ಬೆನ್ನು ತಟ್ಟಿದ್ದ. ದಾಸ ತನಗೇ ಬಹುಮಾನ ಬಂದ ಹಾಗೆ ನಕ್ಕಿದ್ದ.

ನವರಾತ್ರಿ ಕಳೆದ ಒಂದು ಭಾನುವಾರ ಬಟ್ಲರ್ ಕಿಟಕಿಗಳನ್ನೆಲ್ಲ ಮುಚ್ಚಿಸಿದ. ಮಡಗಾವಿನಿಂದ ಬಂದ ಅವನ ಭಾವ ಹುಲ್ಲಿನ ಹೊರೆಯೊಳಗೆ ಎರಡು ಬಾಟಲಿ ತಂದಿದ್ದ. ಬಟ್ಲರ್ ಪೆಟ್ಟಿಗೆಯ ತಳದಿಂದ, ಹಳೆಯ ಬನಿಯನ್ನಿನಲ್ಲಿ ಸುತ್ತಿಟ್ಟ ಒಂದು ಗ್ಲಾಸನ್ನು ಎತ್ತಿದ. ಉದ್ದ ಕಾಲಿನ ಗ್ಲಾಸು, ನೀರುಳ್ಳಿ ಸಿಪ್ಪೆಯಷ್ಟು ತೆಳು.

“ಹಡಗು ಬಿಡುವಾಗ ಕಪ್ತಾನ ಕೊಟ್ಟದ್ದು. ಇದೊಂದೇ ಇರೂದು. ಕರಟದಲ್ಲಿ ವೈನು ಹಾಕಿದರೆ ನಾನು ನರಕಕ್ಕೆ ಹೋದೇನು.”

ಮೊದಲ ಬಾಟಲಿಯ ಗ್ಲಾಸು ನಾಗಪತಿಯಿಂದ ಶುರುವಾಯಿತು. ಅವನು ಬಿಳಿ ಪಂಚೆಗೆ ಹಿಡಿದು ಬಣ್ಣ ನೋಡಿದ, ಮೆಲ್ಲಗೆ ತಿರುಗಿಸಿದ, ಮೂಗು ಒಳಗಿಟ್ಟು ಉಸಿರೆಳೆದ. ಆಮೇಲೆ ಅಂಚಿಗೆ ತುಟಿಯಿಟ್ಟು ಗುಟುಕು ತೆಗೆದುಕೊಂಡು, ಬಾಯೊಳಗೆ ಆಡಿಸಿ, ಮಣ್ಣಿನ ಬೋಗುಣಿಗೆ ಉಗುಳಿದ. ಬಟ್ಲರ್ ಕಣ್ಣು ಮುಚ್ಚಿ ತಲೆದೂಗಿದ. ಗ್ಲಾಸು ಒರೆಸಿಕೊಂಡು ಅಣ್ಣಪ್ಪನಿಗೆ ಹೋಯಿತು, ದಾಸನಿಗೆ ಹೋಯಿತು.

ಎರಡನೆಯ ಬಾಟಲಿ ದಾಸನಿಂದ ಶುರುವಾಯಿತು. ದಾಸ ಕುಡಿದ, ಉಗುಳಿದ, “ಒಗರು ಜಾಸ್ತಿ, ಒಸಡೇ ಹಿಡ್ದದೆ” ಎಂದ. ಬಟ್ಲರ್ ಅಂಚನ್ನು ಒರೆಸಿ, ಮತ್ತೊಂದು ಗುಟುಕಿನಷ್ಟು ಬಗ್ಗಿಸಿ, ನಾಗಪತಿಯ ಕೈಗೆ ಕೊಟ್ಟ.

ಏನಾಯಿತೆಂದು ನಾಗಪತಿಗೆ ಆ ಗಳಿಗೆಯಲ್ಲಿ ತಿಳಿಯಲೇ ಇಲ್ಲ. ಕಚ್ಚಿ ಕುಡಿಯಬೇಡ ಎಂದು ಮಾತು ಬರುವ ಮೊದಲೇ ಕಲಿತ ಕೈ ಅದು. ಅದು ಮೇಲೆದ್ದಿತು. ಕುತ್ತಿಗೆ ಹಿಂದಕ್ಕೆ ಬಾಗಿತು. ತುಟಿಗಿಂತ ಗೇಣು ಮೇಲಿಂದ ವೈನು ಧಾರೆಯಾಗಿ ಬಿತ್ತು. ತಂಬಿಗೆಯಿಂದ ಬೀಳುವ ಹಾಗೆ ಅಂಥ ಗ್ಲಾಸಿನಿಂದ ಬೀಳುತ್ತದೆಯೇ! ಅರ್ಧ ಬಾಯಿಗೆ, ಅರ್ಧ ಗದ್ದಕ್ಕೆ, ಅಂಗಿಯ ಎದೆಯ ಮೇಲೆಲ್ಲ ಕೆಂಪು.

“ಇದೆಂತ, ತೀರ್ಥವೋ?” ಎಂದು ಬಟ್ಲರ್ ಗಹಗಹಿಸಿದ. “ಮೂಗು ಎಲ್ಲಿ ಮಗನೇ? ಮೂಗು ಆಕಾಶದಲ್ಲಿದ್ದರೆ ಇದು ಬರೀ ನೀರು!”

“ಅಭ್ಯಾಸ, ಬಟ್ಲರೇ,” ಎಂದ ನಾಗಪತಿ.

ಅಣ್ಣಪ್ಪ ಬಿಡುವವನೇ? “ಮೊದ್ಲ ಸುತ್ತಿಗೆ ಕಚ್ಚೇ ಕುಡಿದ್ರಲ್ಲ ಭಟ್ರೆ! ಆವಾಗ ಅಭ್ಯಾಸ ಎಲ್ಲಿಗೆ ಹೋಗಿತ್ತು? ಭಟ್ಕಳಕ್ಕಾ?”

ಬಟ್ಲರನ ನಗು ಅಲ್ಲೇ ನಿಂತಿತು. ನಾಗಪತಿ ಅಂಗಿ ಉಜ್ಜುತ್ತ ದಾಸನ ಕಡೆ ನೋಡಿದ. ದಾಸ ಅವನನ್ನು ನೋಡುತ್ತಿರಲಿಲ್ಲ. ಬಟ್ಲರನ ಕೈಯ ಬಟ್ಟೆಯನ್ನು, ಗ್ಲಾಸಿನ ಅಂಚು ಒರೆಸಿದ್ದ ಆ ಬಟ್ಟೆಯನ್ನು ನೋಡುತ್ತಿದ್ದ. ಆಮೇಲೆ ಎದ್ದು ಹೆಗಲ ಮೇಲೆ ಪಂಚೆ ಹಾಕಿಕೊಂಡ.

“ದೋಣಿ ಹೊತ್ತಾತು. ನೀವು ಮುಂದುವರ್ಸಿ ಭಟ್ರೆ,” ಎಂದ.

ನೀವು. ಅಷ್ಟು ವರ್ಷದಲ್ಲಿ ಒಮ್ಮೆಯೂ ಅವನು ಹಾಗೆ ಕರೆದಿರಲಿಲ್ಲ.

ಮುಂದಿನ ಭಾನುವಾರ ದಾಸ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ಧಕ್ಕೆಯಲ್ಲಿ ನಾಗಪತಿಯನ್ನು ಕಂಡರೆ ದೋಣಿಯ ಆಚೆ ತುದಿಗೆ ಸರಿಯುತ್ತಿದ್ದ. ಬಟ್ಲರ್ ಸಿಟ್ಟಾಗಲಿಲ್ಲ, ಮೆತ್ತಗೇ ಹೇಳಿದ: “ನಾಗಪತಿ, ಹಡಗಿನ ಕೋಣೆ ಅಂದರೆ ಒಂದು ಪೆಟ್ಟಿಗೆ. ಅವನ ಉಸಿರು ನಿನಗೆ, ನಿನ್ನ ಉಸಿರು ಅವನಿಗೆ. ಅವನನ್ನು ಕರಕೊಂಡು ಬಾ. ಬಂದರೆ ನಿಮ್ಮಿಬ್ಬರ ಹೆಸರೇ ಕಳಿಸುತ್ತೇನೆ.”

ನಾಗಪತಿ ಖಾನಾವಳಿಗೆ ರಜೆ ಹೇಳಿ ಹೊಳೆ ದಾಟಿದ. ದಾರಿಯುದ್ದಕ್ಕೂ ಒಂದೇ ಯೋಚನೆ: ಅವರ ಮನೆಯಲ್ಲಿ ನೀರು ಕೇಳುತ್ತೇನೆ, ಅವರ ಲೋಟಕ್ಕೆ ತುಟಿಯಿಟ್ಟು ಕುಡಿಯುತ್ತೇನೆ, ದಾಸ ನೋಡುತ್ತಾನೆ, ಅಲ್ಲಿಗೆ ಮುಗಿಯಿತು. ಗಂಟಲು ಒಣಗಿರಲೆಂದು ಬೆಳಗಿನಿಂದ ಹನಿ ನೀರು ಕುಡಿದಿರಲಿಲ್ಲ.

ದಾಸನ ತಾಯಿ ಕಮಲಿ ಅಂಗಳದಲ್ಲಿ ಮೀನು ಒಣಗಿಸುತ್ತಿದ್ದಳು. ಅವನನ್ನು ಕಂಡು ಗಡಬಡಿಸಿ ಎದ್ದು, ಮೀನಿನ ಚಾಪೆಯನ್ನು ಆಚೆ ಎಳೆದಳು. ಕೈ ತೊಳೆದು ಬಂದು ಮಣೆ ಹಾಕಿದಳು.

“ಅಯ್ಯೋ ಒಡೆಯಾ, ಈ ಬಿಸ್ಲಲ್ಲಿ ಬಂದ್ರಲ್ಲ! ಕೂತ್ಕಳ್ಳಿ. ದಾಸ ಬಲೆ ಹತ್ರ ಅವ್ನೆ, ಕರೀತೆ.”

“ಕುಡಿಯೂಕೆ ಒಂದು ಲೋಟ ನೀರು ಕೊಡು ಕಮಲಕ್ಕ.”

ಕಮಲಿ ನಾಲಿಗೆ ಕಚ್ಚಿಕೊಂಡಳು. “ನಮ್ಮನೆ ನೀರಾ? ನಿಮ್ಗೆ ಆಗೂದಿಲ್ಲ ಭಟ್ರೆ.”

“ಆಗ್ತದೆ. ನಾನೇ ಕೇಳ್ತಿದ್ದೇನೆ ಅಲ್ದಾ?”

“ನೀವು ಕೇಳ್ದ್ರಿ ಅಂತ ನಾ ಕೊಡೂಕಾಗ್ತದಾ? ಆ ಪಾಪ ನಂಗೆ ಬ್ಯಾಡ.” ಅವಳು ಆಗಲೇ ಮನೆಯ ಹಿಂದಕ್ಕೆ ನಡೆದಿದ್ದಳು. ಒಂದು ಎಳನೀರು ಕೆತ್ತಿ ತಂದಳು. ಕಣ್ಣು ತೂತು ಮಾಡುವುದನ್ನು ಮಾತ್ರ ಅವನಿಗೇ ಬಿಟ್ಟು, ಕತ್ತಿಯನ್ನು ನೆಲದ ಮೇಲಿಟ್ಟು ಹಿಂದೆ ಸರಿದು ನಿಂತಳು. “ಇದು ದೇವ್ರೇ ಮುಚ್ಚಿ ಇಟ್ಟ ನೀರು. ಇದ್ಕೆ ಯಾರ ಕೈ ಮೈಲಿಗೆಯೂ ಇಲ್ಲ. ಕುಡೀರಿ.”

ನಾಗಪತಿ ಆ ಎಳನೀರನ್ನು ಮಡಿಲಲ್ಲಿಟ್ಟುಕೊಂಡು ಕೂತ. ಇಷ್ಟು ಅಚ್ಚುಕಟ್ಟಾಗಿ, ಇಷ್ಟು ಪ್ರೀತಿಯಿಂದ ಯಾರೂ ಅವನನ್ನು ಹೊರಗೆ ನಿಲ್ಲಿಸಿರಲಿಲ್ಲ. ಅವಳಿಗೆ ಏನೂ ತಿಳಿದಿಲ್ಲ. ತಿಳಿದಿದ್ದರೂ ಅವನದೇ ಸರಿ ಎನ್ನುತ್ತಿದ್ದಳು.

ದಾಸ ಬಂದು ಕಂಬಕ್ಕೆ ಒರಗಿ ನಿಂತ. ತಾಯಿ ಒಳಗೆ ಹೋದಳು.

“ಕೈ ತಾನಾಗೇ ಎದ್ದಿತು ದಾಸ. ದೇವರಾಣೆ.”

“ಗೊತ್ತದೆ,” ಎಂದ ದಾಸ. “ಬೇಕಂತ ಮಾಡಿದ್ರೆ ನಾಲ್ಕು ಬೈದು ಬಿಟ್ಬಿಡ್ತಿದ್ದೆ. ಬೇಕಂತ ಮಾಡ್ದವ ನಾಳೆ ಬ್ಯಾಡ ಅಂತ ಬಿಡ್ಬಹುದು. ನಿಮ್ಮ ಕೈಗೆ ಯಾರು ಹೇಳೂದು?”

“ನೀವು ಅನ್ನಬೇಡ.”

“ಆ ಬಾಟ್ಲಿ ಸೆರೆ ನಿಮ್ಗೆ ಆತು ಭಟ್ರೆ. ನಾನು ಆಗ್ಲಿಲ್ಲ.” ದಾಸನ ದನಿಯಲ್ಲಿ ಸಿಟ್ಟಿರಲಿಲ್ಲ. “ದಿನಾ ಒಂದೇ ಕೋಣೇಲಿ ಆ ಕೈ ನೋಡ್ತಾ ಇರೂಕೆ ನನ್ನಿಂದ ಆಗೂದಿಲ್ಲ. ಎಳನೀರು ಕುಡೀರಿ, ಬಿಸಿಯಾಗ್ತದೆ.”

ನಾಗಪತಿ ಕುಡಿದ. ಬೆಳಗಿನಿಂದ ಒಣಗಿಸಿಟ್ಟ ಗಂಟಲು ಅದನ್ನು ನಾಚಿಕೆಯಿಲ್ಲದೆ ಇಳಿಸಿಕೊಂಡಿತು.

ಅಲ್ಲಿಂದ ನೆಟ್ಟಗೆ ಬಟ್ಲರನ ಮನೆಗೆ ಹೋಗಿ, “ದಾಸನನ್ನೂ ಅಣ್ಣಪ್ಪನನ್ನೂ ಕಳಿಸಿ. ನಾನು ಬರೂದಿಲ್ಲ ಅಂತ ದಾಸನಿಗೆ ಹೇಳಿ, ಆಗ ಅವನು ಹೋಗ್ತಾನೆ” ಎಂದ. ಬಟ್ಲರ್ ಆ ಎರಡು ಹೆಸರನ್ನೇ ಮುಂಬಯಿಗೆ ಬರೆದು ಕಳಿಸಿದ.

ಅವರಿಬ್ಬರೂ ಮುಂಬಯಿಯ ದಾರಿ ಹಿಡಿದ ವಾರ ನಾಗಪತಿ ಮುಟ್ಟಳ್ಳಿಗೆ ಹೋದ. ಅವನು ಹಡಗಿನ ಕೆಲಸ ಬಿಟ್ಟುಕೊಟ್ಟ ಸುದ್ದಿ ಅವನಿಗಿಂತ ಮೊದಲೇ ಊರು ಮುಟ್ಟಿತ್ತು. ಪಕ್ಕದ ಮನೆಯ ತ್ರ್ಯಂಬಕ ಹೆಗಡೆಯವರು ಬೇಲಿಯಾಚೆಯಿಂದಲೇ ಕೂಗಿದರು: “ಎಲ್ಲಾ ಆಸೆಗೆ ಬಿದ್ದು ಹೋಗ್ತ. ನಮ್ಮ ನಾಗಪತಿ ಜಾತಿ ಕೆಡಿಸ್ಕಂಡಿದ್ನಿಲ್ಲೆ. ಅಪ್ಪನ ಹೆಸರು ಉಳಿಸ್ದ ನೋಡು!”

ತಾಯಿ ಮಾದೇವಿ ಎಲೆ ಹಾಕಿದಳು. ಅವಳ ಮುಖ ಹಬ್ಬದ ದಿನದ ಹಾಗಿತ್ತು. ನಾಗಪತಿಗೆ ತಡೆಯಲಾಗಲಿಲ್ಲ.

“ಅದಲ್ಲ ಆಯಿ. ಆನು ತಪ್ಪು ಮಾಡಿದ್ದಿ. ದಾಸ ಕುಡಿದ ಗ್ಲಾಸಿಗೆ ಎನ್ನ ಬಾಯಿ ಇಡ್ಲಿಲ್ಲೆ. ಎಲ್ಲರ ಎದುರು ಎತ್ತಿ ಕುಡಿದಿ.”

ಮಾದೇವಿ ಸೌಟು ಹಿಡಿದೇ ಅವನನ್ನು ನೋಡಿದಳು. “ಅದ್ರಲ್ಲಿ ತಪ್ಪು ಎಂತ ಇದ್ದು ಮಗಾ? ಪರಊರಲ್ಲಿ ಇದ್ರೂ ಆಚಾರ ಬಿಟ್ಟಿದ್ದಿಲ್ಲೆ. ಎನ್ನ ಪುಣ್ಯ.”

ಗ್ಲಾಸಿನಲ್ಲಿ ಏನಿತ್ತೆಂದು ಅವಳು ಕೇಳಲಿಲ್ಲ. ಅವನು ಹೇಳಲೂ ಇಲ್ಲ. ಎಲೆಯ ಮುಂದೆ ತಲೆ ತಗ್ಗಿಸಿ ಕೂತ ಮಗನಿಗೆ ಹಸಿವು ಹೆಚ್ಚಾಗಿದೆ ಎಂದುಕೊಂಡು, ಮಾದೇವಿ ಅನ್ನದ ಮೇಲೆ ಇನ್ನೊಂದು ಸೌಟು ಸಾರು ಬಡಿಸಿದಳು.